ಬಾಯಿ ಬಿಡದವರ ವೋಟು

ವೆಸ್ಟರ್‌ಡಾಲ್, ವಿಸ್ಕಾನ್ಸಿನ್
೨೮ ಸೆಪ್ಟೆಂಬರ್ ೨೦೧೪

ಅಪ್ಪಾ,

ಲಕೋಟೆಯ ಮೇಲಿನ ಅಕ್ಷರ ನೋಡಿದೊಡನೆ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿದ್ದರೆ ನಾನು ತಪ್ಪು ತಿಳಿಯುವುದಿಲ್ಲ. ಒಡೆದಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ಫೋನು ಮಾಡೋಣವೆಂದರೆ ಕಾಗದದ ಗಿರಣಿ ನಿನ್ನ ಕಿವಿಗಳನ್ನು ತಿಂದು ಎಷ್ಟೋ ವರ್ಷವಾಯಿತು. ಅಮ್ಮ ಇದ್ದಿದ್ದರೆ ನಡುವೆ ನಿಂತು ನನ್ನ ಮಾತು ನಿನಗೆ, ನಿನ್ನ ಮಾತು ನನಗೆ ದಾಟಿಸುತ್ತಿದ್ದಳು, ಮಧ್ಯೆ ತನ್ನ ಕಡೆಯಿಂದ ಒಂದಿಷ್ಟು ಸಕ್ಕರೆ ಬೆರೆಸಿ.

ನಾವು ಮಾತು ಬಿಟ್ಟು ಮೂರು ವರ್ಷ ದಾಟಿತು. ಆ ಚಳಿಗಾಲದಲ್ಲಿ, ನಮ್ಮ ಸಂಘಗಳ ಕೈ ಕಟ್ಟುವ ಗವರ್ನರನ ಕಾನೂನು ಬೇಡವೆಂದು, ನಾನು ಮ್ಯಾಡಿಸನ್ನಿಗೆ ಹೋಗಿ ಶಾಸನಸಭೆಯ ತಣ್ಣನೆಯ ಕಲ್ಲುನೆಲದ ಮೇಲೆ ಸಾವಿರಾರು ಜನರ ಜೊತೆ ಮಲಗಿದ್ದೆ. ನೀನು ಮನೆ ಮುಂದಿನ ಹಿಮದಲ್ಲಿ ಗವರ್ನರನ ಹೆಸರಿನ ಫಲಕ ನೆಟ್ಟಿದ್ದೆ. "ನಿನಗೆ ಸಂಬಳ ಕೊಡೋನು ನಾನು ಕಣೇ, ನನ್ನ ತೆರಿಗೆ ದುಡ್ಡಲ್ಲಿ. ಧಣಿ ಹತ್ರ ಹಿಂಗಾ ಮಾತಾಡೋದು?" ಎಂದೆ. ನಾನು ಕಾರು ತಿರುಗಿಸಿಕೊಂಡು ಬಂದೆ. ಅದನ್ನು ಕೆದಕಲು ಈ ಕಾಗದವಲ್ಲ.

ಆರ್ಡಿಸ್ ಸ್ಕೋಗೆನ್ ತೀರಿಕೊಂಡರು. ನನ್ನ ಪಕ್ಕದ ಕೋಣೆಯಲ್ಲಿ ಎರಡನೇ ತರಗತಿಗೆ ಕಲಿಸುತ್ತಿದ್ದರು. ನಾನು ಈ ಸ್ಕೂಲಿಗೆ ಬಂದಾಗಿನಿಂದ ನಮ್ಮ ಶಿಕ್ಷಕರ ಸಂಘಕ್ಕೆ ಅವರೇ ಅಧ್ಯಕ್ಷೆ. ಸಂಜೆ ಮಕ್ಕಳ ಬಸ್ಸುಗಳು ಹೋದ ಮೇಲೆ ಕಾರು ಹತ್ತಿ ಕೂತವರು ಕಾರು ಹೊರಡಿಸಲೇ ಇಲ್ಲ. ಬೆಲ್ಟು ಹಾಕಿಕೊಂಡು, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ನೇರಕ್ಕೆ ನೋಡುತ್ತ ಕೂತಿದ್ದರು. ನಾವೆಲ್ಲ ಒಬ್ಬೊಬ್ಬರಾಗಿ ಪಕ್ಕದಲ್ಲೇ ಹಾದು, ಕೈ ಬೀಸಿ, ಮನೆಗೆ ಹೋದೆವು. ಬೆಳಿಗ್ಗೆ ಬಂದಾಗಲೂ ಕಾರು ಅಲ್ಲೇ ಇತ್ತು. ಗಾಜಿನ ಮೇಲೆ ಇಬ್ಬನಿ ಕೂತಿತ್ತು. ಹೃದಯ ನಿಂತಿದೆ, ಕಾರು ಹತ್ತಿದ ಕೂಡಲೇ ನಿಂತಿರಬೇಕು ಎಂದರು ಡಾಕ್ಟರು.

ವ್ಯಾಯಾಮದ ಮೇಷ್ಟ್ರು ರಸ್ ಕಿಪ್ ಎಲ್ಲರಿಗಿಂತ ಕೊನೆಗೆ ಹೊರಟವನು. "ನನಗೆ ಕೈ ಬೀಸಿದ್ರಪ್ಪ. ನಾನು ಬೀಸಿದೆ, ಅವರೂ ಬೀಸಿದ್ರು," ಎಂದು ಅವನು ಈಗಲೂ ಹೇಳುತ್ತಾನೆ. ಅವನು ಸುಳ್ಳು ಹೇಳುವ ಆಸಾಮಿಯಲ್ಲ. ಹೇಳುವಷ್ಟು ಕಲ್ಪನೆಯೂ ಅವನಿಗಿಲ್ಲ.

ಮಣ್ಣು ಮಾಡುವ ಹೊತ್ತಿನಲ್ಲಿ ನೀನು ನೆನಪಾದೆ. ಅಷ್ಟೇ ಕಾರಣ. ಸಂಘವನ್ನು ಈಗ ನನ್ನ ತಲೆಗೆ ಕಟ್ಟಿದ್ದಾರೆ, ಬೇರೆ ಯಾರೂ ತಲೆ ಕೊಡಲಿಲ್ಲವೆಂದು.

ನಿನ್ನ ಮಗಳು,
ತೆಕ್ಲಾ

⁂

ರಾಪಿಡ್ ಬೆಂಡ್
೬ ಅಕ್ಟೋಬರ್ ೨೦೧೪

ತೆಕ್ಲಾ,

ಒಲೆಗೆ ಹಾಕಲಿಲ್ಲ.

ಆ ಹೆಂಗಸಿನ ಸಾವು ಕೇಳಿ ಬೇಜಾರಾಯಿತು. ಕೆಲಸದ ಜಾಗದ ಬಾಗಿಲಲ್ಲಿ ಸಾಯುವುದು ಒಳ್ಳೆಯದಲ್ಲ. ನಮ್ಮ ಗಿರಣಿಯಲ್ಲಿ ಹಾಗೆ ಸತ್ತವರ ಹೆಸರನ್ನು ಹಳಬರು ಮೆಷೀನಿನ ಹತ್ತಿರ ಎತ್ತುತ್ತಿರಲಿಲ್ಲ. ಎತ್ತಿದರೆ ಪಾಳಿಗೆ ಬರುತ್ತಾರೆ ಅನ್ನುತ್ತಿದ್ದರು.

ಮಿಕ್ಕ ವಿಷಯವನ್ನು ನೀನು ಕೆದಕುವುದಿಲ್ಲ ಎಂದಿದ್ದೀಯ. ನಾನು ಕೆದಕುತ್ತೇನೆ. ನಿಮ್ಮ ಆರೋಗ್ಯ ವಿಮೆಗೆ ನೀವು ಎಷ್ಟು ಕೊಡುತ್ತೀರಿ ಎಂದು ಪೇಪರಿನಲ್ಲಿ ಓದಿ ನನಗೆ ಗೊತ್ತು. ನಾನು ನನ್ನದಕ್ಕೆ ಎಷ್ಟು ಕೊಡುತ್ತೇನೆಂದು ನಿನಗೆ ಗೊತ್ತೇ? ಒಂದು ದಿನವೂ ಕೇಳಲಿಲ್ಲ. ಗಿರಣಿಯಲ್ಲಿ ನಾವು ಮುಷ್ಕರ ಹೂಡಿದ ವರ್ಷ ಕಂಪನಿಯವರು ಎಲ್ಲಿಂದಲೋ ಬಸ್ಸುಗಟ್ಟಲೆ ಹೊಸಬರನ್ನು ತಂದು ನಮ್ಮ ಜಾಗದಲ್ಲಿ ನಿಲ್ಲಿಸಿದರು. ನಾವು ಇಡೀ ಚಳಿಗಾಲ ಗೇಟಿನ ಹೊರಗೆ ಪೀಪಾಯಿಯಲ್ಲಿ ಸೌದೆ ಉರಿಸಿಕೊಂಡು ನಿಂತೆವು. ಈ ಊರಿನ ಮೇಷ್ಟ್ರು ಮೇಡಮ್ಮುಗಳೆಲ್ಲ ಅದೇ ಗೇಟಿನ ಮುಂದೆ ದಿನಾ ಕಾರಿನಲ್ಲಿ ಹೋಗುತ್ತಿದ್ದರು, ಕಿಟಕಿ ಮುಚ್ಚಿಕೊಂಡು. ಒಬ್ಬರೂ ಇಳಿದು ನಮ್ಮ ಪಕ್ಕ ನಿಲ್ಲಲಿಲ್ಲ. ಆಮೇಲೆ ಗಿರಣಿಯೂ ಹೋಯಿತು, ನಮ್ಮ ಪಿಂಚಣಿಯಲ್ಲಿ ಅರ್ಧವೂ ಹೋಯಿತು. ಹೀಗಿರುವಾಗ ನಿಮ್ಮ ಪಿಂಚಣಿಗೆ ಕೈ ಹಾಕಿದರೆಂದು ನೀವು ಡೋಲು ಬಾರಿಸಿದಾಗ ನಾನು ಬಂದು ಕುಣಿಯಬೇಕಿತ್ತೇ?

ನೀನು ಸಂಘದ ಮುಖ್ಯಸ್ಥೆ ಎಂದರೆ ಏನು ಕೆಲಸ? ಹೊಸ ಕಾನೂನು ಬಂದ ಮೇಲೆ ಸಂಘವೇ ಇಲ್ಲ ಅಂದುಕೊಂಡಿದ್ದೆ.

ಚಳಿ ಬೇಗ ಬರುತ್ತದೆ. ಕಾರಿನ ಟೈರು ಬದಲಾಯಿಸು.

ಅಪ್ಪ

⁂

ವೆಸ್ಟರ್‌ಡಾಲ್
೧೯ ಅಕ್ಟೋಬರ್ ೨೦೧೪

ಅಪ್ಪಾ,

ಟೈರು ಬದಲಾಯಿಸಿದೆ.

ನಿನ್ನ ವಿಮೆಯ ಬಗ್ಗೆ ನಾನು ಕೇಳಲಿಲ್ಲ, ನಿಜ. ಈಗ ಕೇಳುತ್ತಿದ್ದೇನೆ. ಬರೆ.

ನನ್ನ ಸಂಬಳದ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ, ಊರಿಗೆಲ್ಲ ಗೊತ್ತು. ಪೇಪರಿನವರು ನಮ್ಮೆಲ್ಲರ ಹೆಸರು, ಸಂಬಳ ಎರಡನ್ನೂ ಇಂಟರ್‌ನೆಟ್ಟಿನಲ್ಲಿ ಹಾಕಿದ್ದಾರೆ. ಕಿರಾಣಿ ಅಂಗಡಿಯಲ್ಲಿ ನಾನು ಒಳ್ಳೆಯ ಚೀಸ್ ಎತ್ತಿಕೊಂಡರೆ ಹಿಂದೆ ನಿಂತವರು ನೋಡುವ ನೋಟವೇ ಬೇರೆ. ಪಿಂಚಣಿಯ ಬಗ್ಗೆ ಒಂದೇ ಮಾತು. ಅದು ಯಾರೋ ಮಾಡಿದ ದಾನವಲ್ಲ. ಸಂಬಳ ಏರಿಸಿ ಎಂದು ಕೇಳಿದ ವರ್ಷಗಳಲ್ಲಿ ಸ್ಕೂಲ್ ಬೋರ್ಡಿನವರು "ಈಗ ಆಗಲ್ಲ, ಪಿಂಚಣಿಗೆ ನಾವೇ ಕಟ್ಟುತ್ತೇವೆ" ಎಂದರು, ನಾವು ಒಪ್ಪಿದೆವು. ಅದು ನಾನು ಅಂದು ಕೈಬಿಟ್ಟ ಸಂಬಳ. ನಿನ್ನ ಅರ್ಧ ಪಿಂಚಣಿ ತಿಂದವರು ಕೂಡ ನೀನು ಕೈಬಿಟ್ಟ ಸಂಬಳವನ್ನೇ ತಿಂದದ್ದು. ನಾವಿಬ್ಬರೂ ಒಬ್ಬನೇ ಕಳ್ಳನ ಹೆಸರು ಹೇಳುತ್ತ ಪರಸ್ಪರ ಜಗಳವಾಡುತ್ತಿದ್ದೇವೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅದನ್ನು ಅಂದು ನಿನ್ನ ಅಂಗಳದಲ್ಲಿ ನಿಂತು ಹೇಳುವ ಬುದ್ಧಿ ಬರಲಿಲ್ಲ.

ಸಂಘ ಇದೆ, ಉಸಿರಾಡುತ್ತಿದೆ. ಮೊದಲು ಬೋರ್ಡಿನವರ ಎದುರು ಕೂತು ತರಗತಿಗೆ ಎಷ್ಟು ಮಕ್ಕಳಿರಬೇಕು, ಕಾಯಿಲೆ ಬಿದ್ದವರಿಗೆ ಎಷ್ಟು ರಜೆ, ಎಲ್ಲ ಮಾತಾಡುತ್ತಿದ್ದೆವು. ಈಗ ಮೂಲ ಸಂಬಳ ಒಂದನ್ನೇ, ಅದೂ ಬೆಲೆ ಏರಿದಷ್ಟರ ಒಳಗೆ, ಮಾತಾಡಬಹುದು. ಅಷ್ಟು ಮಾತಾಡುವ ಹಕ್ಕು ಬೇಕಾದರೂ ಪ್ರತಿವರ್ಷ ನವೆಂಬರಿನಲ್ಲಿ ಫೋನಿನಲ್ಲಿ ವೋಟು ಹಾಕಿ ಸಂಘ ಬೇಕು ಎನ್ನಬೇಕು. ಪಟ್ಟಿಯಲ್ಲಿರುವ ಒಟ್ಟು ಶಿಕ್ಷಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೇಕು ಅಂದರೆ ಮಾತ್ರ ಸಂಘ ಉಳಿಯುತ್ತದೆ. ಹಾಕಿದವರಲ್ಲಿ ಅರ್ಧವಲ್ಲ, ಇರುವವರಲ್ಲಿ ಅರ್ಧ. ಮರೆತವರು, ಜ್ವರದಲ್ಲಿ ಮಲಗಿದವರು, ಹೆದರಿ ಸುಮ್ಮನಿದ್ದವರು, ಎಲ್ಲರೂ ಬೇಡ ಎಂದ ಹಾಗೆ.

ಈ ವರ್ಷದ ಪಟ್ಟಿ ಬಂತು. ಅದನ್ನು ಸೆಪ್ಟೆಂಬರ್ ನಡುವಿನ ಸಂಬಳ ನೋಡಿ ಮಾಡಿದ್ದಾರಂತೆ. ಹಾಗಾಗಿ ಆರ್ಡಿಸ್ ಹೆಸರು ಅದರಲ್ಲಿದೆ. ಅವರ ಜಾಗಕ್ಕೆ ಬಂದಿರುವ ಹುಡುಗಿ ಪಾಹೊವಾ ವಾಂಗ್ ಹೆಸರು ಇಲ್ಲ. ಆಫೀಸಿಗೆ ಹೋಗಿ ತಿದ್ದಿ ಎಂದೆ. ಗಡುವು ಮುಗಿದಿದೆ ಮೇಡಂ ಎಂದರು. ಆಯುಷ್ಯವೆಲ್ಲ ಸಂಘಕ್ಕೆ ಸವೆಸಿದ ಆರ್ಡಿಸ್ ಈ ಸಲ ಸಂಘ ಬೇಡ ಎನ್ನುವವರ ಸಾಲಿನಲ್ಲಿ ಮೊದಲನೆಯವರಾಗಿ ನಿಂತಿದ್ದಾರೆ. ಮನೆಗೆ ಬಂದು ಅತ್ತುಬಿಟ್ಟೆ.

ಇನ್ನೊಂದು ವಿಷಯ. ಬರೆಯಬೇಕೋ ಬೇಡವೋ ಎಂದು ಎರಡು ದಿನ ನೋಡಿದೆ. ಪಾಹೊವಾ ಚಿಕ್ಕವಳು, ಇದೇ ಅವಳ ಮೊದಲ ಕೆಲಸ, ಆರ್ಡಿಸ್ ಮುಖವನ್ನು ಕಂಡವಳೇ ಅಲ್ಲ. ಗುರುವಾರ ಊಟದ ಹೊತ್ತಿಗೆ ನನ್ನ ಪಕ್ಕ ಕೂತು, "ಕಂದು ಕೋಟಿನ ಹಿರಿಯ ಟೀಚರ್ ಯಾರು ಮಿಸ್? ಯಾವ ಕ್ಲಾಸು?" ಎಂದು ಕೇಳಿದಳು. ಅವಳು ಜೆರಾಕ್ಸ್ ಮೆಷೀನಿನ ಹತ್ತಿರ ನಿಂತಿದ್ದಾಗ ಒಬ್ಬರು ಹಿಂದೆ ಬಂದು ನಿಂತದ್ದು ಮೆಷೀನಿನ ಗಾಜಿನಲ್ಲಿ ಕಂಡಿತಂತೆ. "ಈ ಸಲ ಹಾಕ್ತೀಯ ತಾನೆ, ಮಗಾ?" ಎಂದು ಕೇಳಿದರಂತೆ. ಇವಳು ಹೂಂ ಎಂದಳಂತೆ. ತಿರುಗಿದರೆ ಕೋಣೆಯ ಬಾಗಿಲು ತೆಗೆದಿತ್ತು, ಅಷ್ಟೇ.

"ಗುರುತಿಲ್ಲದ ದನಿಗೆ ಓಗೊಡಬೇಡ ಅಂತ ನಮ್ಮಜ್ಜಿ ಹೇಳ್ತಿದ್ರು," ಎಂದು ನಕ್ಕಳು. "ಆದರೆ ಅವರು ಎಷ್ಟು ಚೆನ್ನಾಗಿ ಕೇಳಿದ್ರು ಅಂದ್ರೆ, ಹೂಂ ಅನ್ನದೆ ಇರೋಕಾಗಲಿಲ್ಲ."

ಮಗಾ ಎಂದು ಈ ಸ್ಕೂಲಿನಲ್ಲಿ ಕರೆಯುತ್ತಿದ್ದವರು ಒಬ್ಬರೇ. ಅವಳಿಗೆ ಮಾತ್ರ, ಯಾರೋ ನಿವೃತ್ತರು ಬಂದಿರಬೇಕು ಎಂದೆ.

ನಿನ್ನ,
ತೆಕ್ಲಾ

⁂

ರಾಪಿಡ್ ಬೆಂಡ್
೨ ನವೆಂಬರ್ ೨೦೧೪

ತೆಕ್ಲಾ,

ಹೆಸರು ಎತ್ತಿದರೆ ಬರುತ್ತಾರೆ ಎಂದು ಬರೆದಿದ್ದೆ. ನೀನು ಆಫೀಸಿಗೆ ಹೋಗಿ ಗಟ್ಟಿಯಾಗಿಯೇ ಎತ್ತಿದ್ದೀಯ.

ಇದ್ದವರನ್ನು ಇಲ್ಲವೆಂದು, ಇಲ್ಲದವರನ್ನು ಇದ್ದಾರೆಂದು ಲೆಕ್ಕ ಹಾಕುವ ಕಾನೂನನ್ನು ಯಾರು ಬರೆದರೋ. ನಾನು ಆ ಗವರ್ನರನಿಗೆ ವೋಟು ಹಾಕಿದ್ದು ಹೌದು, ನಾಡಿದ್ದು ಮತ್ತೆ ಹಾಕುತ್ತೇನೆ. ಇದನ್ನು ಮಾತ್ರ ನನ್ನನ್ನು ಕೇಳಿ ಮಾಡಲಿಲ್ಲ.

ವಿಮೆಯ ಲೆಕ್ಕ ಬರೆಯುವುದಿಲ್ಲ. ಕೇಳಿದೆಯಲ್ಲ, ಸಾಕು.

ಅಪ್ಪ

⁂

ವೆಸ್ಟರ್‌ಡಾಲ್
೧೬ ನವೆಂಬರ್ ೨೦೧೪

ಅಪ್ಪಾ,

ವೋಟು ಶುರುವಾಗಿ ಹತ್ತು ದಿನ ದಾಟಿತು. ೨೫ರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಸ್ಕೂಲಿನ ಹೊತ್ತಿನಲ್ಲಿ, ಸ್ಕೂಲಿನ ಗೋಡೆಗಳೊಳಗೆ ಇದರ ಸುದ್ದಿ ಎತ್ತಕೂಡದೆಂದು ಸೂಪರಿಂಟೆಂಡೆಂಟರ ಸುತ್ತೋಲೆ ಬಂದಿದೆ. ಹಾಗಾಗಿ ನಾನು ಜನರನ್ನು ಪಾರ್ಕಿಂಗಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಅಂಗಡಿಯ ಸಾಲಿನಲ್ಲಿ ಹಿಡಿದು, "ಹಾಕಿದಿರಾ?" ಎಂದು ಕೇಳುತ್ತೇನೆ. ಹಾಕುತ್ತೇವೆ ಅನ್ನುತ್ತಾರೆ, ಕಣ್ಣು ಎಲ್ಲೋ ಇರುತ್ತದೆ. ಹೋದ ವರ್ಷ ಕೂದಲೆಳೆಯಲ್ಲಿ ಉಳಿದಿದ್ದೆವು.

ಆದರೆ ನನಗಿಂತ ಮೊದಲೇ ಅವರನ್ನು ಬೇರೆ ಯಾರೋ ಕೇಳಿರುತ್ತಾರೆ.

ಇದನ್ನು ಹೇಗೆ ಬರೆಯಲಿ. ಮೊದಲು ರಸ್ ಬಂದ. ಸಂಘವೆಂದರೆ ಅವನಿಗೆ ಅಲರ್ಜಿ; ಆರ್ಡಿಸ್ ಇದ್ದಾಗಲೂ ಅವರ ಜೊತೆ ಕಚ್ಚಾಡಿದವನು. ಮಧ್ಯಾಹ್ನ ಕೊನೆಯ ಪೀರಿಯಡ್ ಮುಗಿಸಿ ಆಟದ ಹಾಲಿನಲ್ಲಿ ಬಲೆ ಸುತ್ತುತ್ತಿದ್ದನಂತೆ. ನೋಡುವವರ ಬೆಂಚಿನ ಮೇಲಿನ ಸಾಲಿನಲ್ಲಿ ಆರ್ಡಿಸ್ ಕೋಟು ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಕೂತಿದ್ದರಂತೆ.

"ಸತ್ತ ಮೇಲೂ ಬಿಡಲ್ಲ ಈ ಹೆಂಗಸು," ಎಂದ ನನಗೆ. ಬೈಯುತ್ತಿದ್ದಾನೆಂದು ಮೊದಲು ತಿಳಿದೆ. ಅವನ ತುಟಿ ಬೆಳ್ಳಗಾಗಿತ್ತು. "ಹಾಕಿದೆಯಾ ರಸ್ ಅಂದ್ರು. ಹಾಕ್ತೀನಿ, ಆದ್ರೆ ಬೇಡ ಅಂತ ಹಾಕ್ತೀನಿ ಅಂದೆ. ಸರಿ, ಅದನ್ನಾದ್ರೂ ಬಾಯಿಬಿಟ್ಟು ಹೇಳು ಅಂದ್ರು. ಬಲೆ ಕೆಳಗಿಟ್ಟು ತಲೆ ಎತ್ತಿದೆ, ಬೆಂಚು ಖಾಲಿ. ಕೂತ ಜಾಗ ಮುಟ್ಟಿ ನೋಡಿದೆ ತೆಕ್ಲಾ. ನದಿ ನೀರು ಮುಟ್ಟಿದ ಹಾಗಿತ್ತು."

ಅವನೊಬ್ಬನೇ ಆಗಿದ್ದರೆ ಕುಡಿದಿದ್ದ ಎನ್ನಬಹುದಿತ್ತು. ಆಮೇಲೆ ಲೈಬ್ರರಿಯವರು ಹೇಳಿದರು, ಕಪಾಟುಗಳ ನಡುವೆ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಚಿತ್ರಕಲೆ ಕಲಿಸುವವರು ಹೇಳಿದರು, ಕೈತೊಳೆಯುವಾಗ ಕನ್ನಡಿಯಲ್ಲಿ. ಬೇರೆಬೇರೆಯಾಗಿ, ದನಿ ತಗ್ಗಿಸಿ, ಹೆಸರು ಹೇಳದೆ. ಎಲ್ಲರಿಗೂ ಒಂದೇ ಪ್ರಶ್ನೆ. ಗದರಿಸುವುದಿಲ್ಲವಂತೆ, ಒತ್ತಾಯವಿಲ್ಲವಂತೆ, ಕೇಳಿ, ಉತ್ತರಕ್ಕೆ ಕಾಯುತ್ತಾರಂತೆ. ಆ ಕಾಯುವುದನ್ನೇ ತಡೆಯಲಾಗುವುದಿಲ್ಲ ಎಂದರು ಲೈಬ್ರರಿಯವರು. ಈಗ ಸ್ಟಾಫ್ ರೂಮಿನಲ್ಲಿ ಯಾರೂ ಒಬ್ಬರೇ ಕೂರುವುದಿಲ್ಲ. ನಗುತ್ತಾರೆ, ಹವಾಮಾನ ಮಾತಾಡುತ್ತಾರೆ, ಬಾಗಿಲು ಕಿರ್ರೆಂದರೆ ಎಲ್ಲರ ಕಾಫಿ ಲೋಟ ಒಟ್ಟಿಗೆ ನಿಲ್ಲುತ್ತದೆ.

ಪಾಹೊವಾಳ ತರಗತಿಯ ಮಕ್ಕಳಿಗೆ ಮಾತ್ರ ಏನೂ ಭಯವಿಲ್ಲ. ಮೊನ್ನೆ ನಾನು ಆ ಕೋಣೆಗೆ ಹೋದಾಗ ಒಬ್ಬಳು ಪುಟ್ಟಿ ಬಾಗಿಲ ಹತ್ತಿರದ ಜಾಗ ಬಿಟ್ಟು ಸರಿದು ಕೂತಿದ್ದಳು. ಯಾಕೆಂದು ಕೇಳಿದರೆ, ಮಿಸೆಸ್ ಸ್ಕೋಗೆನ್ ಅಲ್ಲಿ ನಿಂತುಕೊಳ್ಳುತ್ತಾರಲ್ಲ, ದಾರಿ ಬೇಕಲ್ಲ ಎಂದಳು.

ನನ್ನ ಬಳಿಗೆ ಅವರು ಬಂದಿಲ್ಲ. ಎಲ್ಲರ ಬಳಿಗೂ ಹೋದವರು ನನ್ನೊಬ್ಬಳ ಬಳಿಗೆ ಬಂದಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ಬೇಕೆಂದೇ ತಡಮಾಡಿ ಕೂರುತ್ತೇನೆ. ಗೋಡೆಯಾಚೆ ಅವರ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು ಕೇಳಿಸುತ್ತದೆ. ಎದ್ದು ಹೋಗಿ ನೋಡುತ್ತೇನೆ. ಇಲ್ಲ.

ಹೇಳಲು ಮರೆತೆ, ನದಿಯಾಚೆಯ ಪಕ್ಕದ ರಾಜ್ಯ ಮಿನ್ನೆಸೋಟದ ಒಂದು ಸ್ಕೂಲಿನವರು ಕೇಳಿದ್ದಾರೆ, ಜನವರಿಯಿಂದ ಬರುತ್ತೀರಾ ಎಂದು. ಅಲ್ಲಿ ಸಂಘಕ್ಕೆ ಯಾರೂ ಕೈ ಹಾಕಿಲ್ಲ, ಸಂಬಳವೂ ಚೆನ್ನಾಗಿದೆ. ಇನ್ನೂ ಏನೂ ಹೇಳಿಲ್ಲ.

ತೆಕ್ಲಾ

⁂

ರಾಪಿಡ್ ಬೆಂಡ್
೨೫ ನವೆಂಬರ್ ೨೦೧೪, ಮಂಗಳವಾರ

ತೆಕ್ಲಾ,

ಇದು ನಿನ್ನ ಕೈಸೇರುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಬೆಳಿಗ್ಗೆ ನಾನು ಯಾಕೆ ಹಾಗೆ ಮಾಡಿದೆನೆಂದು ನೀನು ಯೋಚಿಸುತ್ತಿರುತ್ತೀಯ. ನನಗೆ ಹುಚ್ಚು ಹಿಡಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಶನಿವಾರ ಮಧ್ಯಾಹ್ನ ಒಳ್ಳೆಯ ಬಿಸಿಲಿತ್ತು. ಹಿಮದ ಮೇಲೆ ಕಣ್ಣು ಕುಕ್ಕುತ್ತಿತ್ತು. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಬಾಗಿಲು ತಟ್ಟಿದರು. ತೆಗೆದೆ. ಒಬ್ಬ ಹೆಂಗಸು, ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು, ಕಂದು ಕೋಟು.

"ನಾನು ಆರ್ಡಿಸ್. ತೆಕ್ಲಾ ಜೊತೆ ಕೆಲಸ ಮಾಡ್ತೀನಿ," ಎಂದಳು.

ಆ ಹೆಸರು ಕೇಳಿದಾಗ ನಿನ್ನ ಕಾಗದಗಳು ನೆನಪಾಗಬೇಕಿತ್ತು. ಆಗಲಿಲ್ಲ. ಮಗಳ ಸ್ನೇಹಿತೆ ಅಷ್ಟು ದೂರದಿಂದ ಬಂದಿದ್ದಾಳೆ, ಒಳಗೆ ಕರೆಯಬೇಕು ಎಂದಷ್ಟೇ ಅನ್ನಿಸಿತು. ಕರೆದೆ. ನಿನ್ನಮ್ಮನ ಕುರ್ಚಿಯಲ್ಲಿ ಕೂತಳು. ಕೋಟು ತೆಗೆಯಲಿಲ್ಲ. ಗಿರಣಿಯ ಬಗ್ಗೆ ಕೇಳಿದಳು. ಮುಷ್ಕರದ ಚಳಿಗಾಲದ ಬಗ್ಗೆ ಕೇಳಿದಳು. ಇಷ್ಟು ವರ್ಷದಲ್ಲಿ ಅದನ್ನು ನನ್ನಿಂದ ಯಾರೂ ಪೂರ್ತಿ ಕೇಳಿರಲಿಲ್ಲ. ಹೇಳಿದೆ. ಪೀಪಾಯಿಯ ಬೆಂಕಿ, ಹೊಸಬರನ್ನು ತಂದ ಬಸ್ಸುಗಳ ಕಿಟಕಿಗೆ ಅಂಟಿಸಿದ್ದ ಕಾಗದ, ಮುಚ್ಚಿದ ಕಿಟಕಿಗಳ ಕಾರುಗಳು, ಎಲ್ಲ. ಆಕೆ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ನಾವು ಬರಬೇಕಿತ್ತು," ಎಂದಳು. "ನೀವು ಅಲ್ಲಿ ನಿಂತಿದ್ದಾಗ ನಾವು ಬಂದು ನಿಲ್ಲಬೇಕಿತ್ತು, ಕ್ಲೆಮ್."

ನನ್ನ ಹೆಸರು ಹಿಡಿದು ಅಷ್ಟೇ ಅಂದಳು. ನಾನು ಆಲೂಗಡ್ಡೆಯ ಕಡೆ ತಿರುಗಿಕೊಂಡೆ. ಈ ವಯಸ್ಸಿನಲ್ಲಿ ಪರ ಹೆಂಗಸಿನ ಎದುರು ಅಳಬಾರದು.

ಬಾಗಿಲ ಹತ್ತಿರ ಹೋಗಿ ನಿಂತು ಹೇಳಿದಳು: "ಎಲ್ಲರನ್ನೂ ಕೇಳಿ ಬಂದೆ. ತೆಕ್ಲಾ ಇನ್ನೂ ಹಾಕಿಲ್ಲ. ನನಗೆ ಅವಳನ್ನು ಕೇಳೋಕೆ ಧೈರ್ಯ ಬರ್ತಿಲ್ಲ. ನೀವು ಕೇಳ್ತೀರಾ?"

ಹೋದಳು. ನಾನು ಕಿಟಕಿಯಲ್ಲಿ ನೋಡಿದೆ. ಬೀದಿಯಲ್ಲಿ ಕಾರಿರಲಿಲ್ಲ. ಬಸ್ಸು ಶನಿವಾರ ಈ ಕಡೆ ಬರುವುದಿಲ್ಲ. ಮತ್ತೆ ಬಂದು ಚಾಕು ಕೈಗೆತ್ತಿಕೊಂಡೆ. ಎರಡು ಆಲೂಗಡ್ಡೆ ಸುಲಿದಾದ ಮೇಲೆ ನನಗೆ ಹೊಳೆಯಿತು. ಬಾಗಿಲು ತಟ್ಟಿದ್ದು ನನಗೆ ಕೇಳಿಸಿತ್ತು. ಆಕೆ ಆಡಿದ ಒಂದೊಂದು ಮಾತೂ ಕೇಳಿಸಿತ್ತು, ತುಟಿ ನೋಡದೆಯೇ. ನಲ್ಲಿ ಬಿಟ್ಟೆ. ನೀರು ಬೀಳುವುದು ಕಾಣಿಸುತ್ತಿತ್ತು, ಸದ್ದಿರಲಿಲ್ಲ. ಪಾತ್ರೆಯನ್ನು ನೆಲಕ್ಕೆ ಬೀಳಿಸಿದೆ. ಸದ್ದಿರಲಿಲ್ಲ.

ಆಮೇಲೆ ನಿನ್ನ ಕಾಗದಗಳನ್ನು ತೆಗೆದು ಓದಿದೆ.

ಭಾನುವಾರ, ಸೋಮವಾರ ಎರಡು ದಿನ ಒದ್ದಾಡಿದೆ. ಕಾಗದ ಬರೆದರೆ ಮುಟ್ಟುವುದಿಲ್ಲ. ಪಕ್ಕದ ಮನೆಯವರಿಗೆ ಹೇಳಿ ಫೋನು ಮಾಡಿಸೋಣವೆಂದರೆ ಏನೆಂದು ಹೇಳಲಿ? ಇವತ್ತು ಬೆಳಗಾಗುತ್ತಲೇ ನಾನೇ ನಿನ್ನ ನಂಬರು ಒತ್ತಿದೆ. ನೀನು ಎತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೆಷೀನಿನ ಬೇರಿಂಗು ಕೆಟ್ಟಿದೆಯೋ ಇಲ್ಲವೋ ಎಂದು ನಾವು ಅಂಗೈ ಇಟ್ಟು ನೋಡುತ್ತಿದ್ದೆವು. ಹಾಗೇ ಫೋನಿನಲ್ಲಿ ಕಿವಿಗಿಡುವ ತುದಿಗೆ ಬೆರಳಿಟ್ಟೆ. ನಡುಗಿತು. ಇದ್ದೀಯ ಎಂದು ತಿಳಿಯಿತು. ಹೇಳಬೇಕಾದ್ದನ್ನು ಹೇಳಿ ಇಟ್ಟುಬಿಟ್ಟೆ. ಹೇಳುತ್ತಿರುವಾಗ ಅದು ಮತ್ತೆಮತ್ತೆ ನಡುಗುತ್ತಿತ್ತು. ನೀನು ಏನೆಂದೆಯೋ ನನಗೆ ಗೊತ್ತಿಲ್ಲ.

ನಿಮ್ಮ ಸಂಬಳದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಬೇರೆ.

ಅಪ್ಪ

⁂

ವೆಸ್ಟರ್‌ಡಾಲ್
೩ ಡಿಸೆಂಬರ್ ೨೦೧೪

ಅಪ್ಪಾ,

ನಾನು ಏನೆಂದೆನೆಂದು ನೀನು ಕೇಳಿಲ್ಲ. ಆದರೂ ಬರೆಯುತ್ತೇನೆ.

ಫೋನು ಬಂದಾಗ ಕೋಟು ಹಾಕಿಕೊಳ್ಳುತ್ತಿದ್ದೆ. ನಿನ್ನ ನಂಬರು ನೋಡಿ ಮೊದಲು ಅಂದುಕೊಂಡದ್ದು, ನೀನು ಹೋದೆ, ಯಾರೋ ತಿಳಿಸುತ್ತಿದ್ದಾರೆ ಎಂದು. ಎತ್ತಿದರೆ ನಿನ್ನದೇ ದನಿ. ಗಿರಣಿಯೊಳಗೆ ಮೆಷೀನಿನ ಆಚೆ ನಿಂತವನಿಗೆ ಕೂಗಿ ಹೇಳುವ ಹಾಗೆ: "ತೆಕ್ಲಾ, ಆ ಹೆಂಗಸು ಇಲ್ಲಿಗೆ ಬಂದಿದ್ದಳು. ನೀನು ಹಾಕಿಲ್ಲವಂತೆ. ಹೂಂ ಅನ್ನು, ಉಹೂಂ ಅನ್ನು, ನಾನು ಹೇಳಲ್ಲ. ನಾನಾಗಿದ್ದರೆ ಉಹೂಂ ಅಂತಿದ್ದೆ. ಆದರೆ ನಿನ್ನ ಬಾಯಿಂದ ಅನ್ನು. ನೀನು ಸುಮ್ಮನಿದ್ದದ್ದನ್ನ ಬೇರೆಯವರು ನಿನ್ನ ಮಾತು ಅಂತ ಬರಕೋಬಾರದು." ಅಪ್ಪಾ ಎಂದೆ. ಇದ್ದೀನಿ ಅಪ್ಪಾ ಎಂದೆ. ನೀನು ಮತ್ತೆ ಮೊದಲಿನಿಂದ ಅದನ್ನೇ ಹೇಳಿದೆ. ನಾನು ಮತ್ತೆ ಅಪ್ಪಾ ಎಂದೆ. ಅದೇ ನಿನ್ನ ಬೆರಳಿಗೆ ತಗುಲಿದ್ದು.

ನಾನು ಹಾಕಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ. ಊರವರನ್ನೆಲ್ಲ ಹಿಡಿದು ಹಾಕಿದಿರಾ ಎಂದು ಕೇಳುತ್ತಿದ್ದವಳು, ದಿನಾ ಬೆಳಿಗ್ಗೆ ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಿದ್ದೆ. ಮಿನ್ನೆಸೋಟಕ್ಕೆ ಹೋಗುವುದೆಂದು ಒಳಗೊಳಗೇ ಆಗಿಹೋಗಿತ್ತು. ಬಿಟ್ಟು ಹೋಗುವವಳು ಹೂಂ ಎಂದರೆ ಸುಳ್ಳು, ಆರ್ಡಿಸ್ ಜಾಗದಲ್ಲಿ ಕೂತು ಉಹೂಂ ಎಂದರೆ ದ್ರೋಹ. ಸುಮ್ಮನಿದ್ದುಬಿಟ್ಟರೆ ಎರಡೂ ಅಲ್ಲವೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆ ಕಾನೂನು ಎಷ್ಟು ಚೆನ್ನಾಗಿ ನಮ್ಮನ್ನು ಬಲ್ಲದು ನೋಡು.

ನೀನು ಫೋನಿಟ್ಟ ಮೇಲೆ, ಕೋಟು ಅರ್ಧ ಹಾಕಿಕೊಂಡೇ, ಆ ನಂಬರು ಒತ್ತಿದೆ. ಸಂಘ ಬೇಕಿದ್ದರೆ ಒಂದು ಒತ್ತಿ ಎಂದಿತು ಯಂತ್ರದ ದನಿ. ಒತ್ತಿದೆ. ನಿಮ್ಮ ವೋಟು ದಾಖಲಾಗಿದೆ ಎಂದಿತು. ಫೋನು ಇಡುವ ಮುಂಚೆ ಆ ಕಡೆ ಯಾರೋ ಉಸಿರು ಬಿಟ್ಟ ಹಾಗಾಯಿತು, ಬಹಳ ಹೊತ್ತು ಹಿಡಿದಿದ್ದವರು ಬಿಡುವ ಹಾಗೆ. ಯಂತ್ರ ಉಸಿರಾಡುವುದಿಲ್ಲ, ಗೊತ್ತು.

ನಿನ್ನೆ ಫಲಿತಾಂಶ ಬಂತು. ಸಂಘ ಉಳಿಯಿತು, ಕೂದಲೆಳೆಯಲ್ಲಲ್ಲ, ಭಾರಿಯಾಗಿಯೇ. ಬೇಡ ಎಂದವರು ಕೆಲವರಿದ್ದಾರೆ; ರಸ್ ತಾನು ಅವರಲ್ಲೊಬ್ಬನೆಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದಾನೆ. ನಾನು ಅವನಿಗೆ ಕಾಫಿ ಕೊಡಿಸಿದೆ. ಆದರೆ ಹಾಕದವರು ಎಂಬ ಸಾಲಿನ ಮುಂದೆ ಸೊನ್ನೆ ಇದೆ, ಅಪ್ಪಾ. ಸೆಪ್ಟೆಂಬರಿನ ಆ ಪಟ್ಟಿಯಲ್ಲಿ ಹೆಸರಿದ್ದವರೆಲ್ಲರೂ ಹಾಕಿದ್ದಾರೆ. ಎಲ್ಲರೂ. ತಪ್ಪಾಗಿರಬೇಕೆಂದು ರಾಜ್ಯದ ಕಚೇರಿಗೆ ಫೋನು ಮಾಡಿದೆ. ಆ ಹುಡುಗ ಇನ್ನೊಮ್ಮೆ ನೋಡಿ, "ಇಲ್ಲ ಮೇಡಂ, ಸರಿಯಾಗಿಯೇ ಇದೆ. ಕೊನೆಯ ವೋಟು ಮಂಗಳವಾರ ಬೆಳಿಗ್ಗೆ ಬಂದಿದೆ. ಅದರ ಹಿಂದಿನದೂ ಆಗಲೇ, ಎರಡೂ ಒಂದೇ ನಂಬರಿನಿಂದ. ಒಂದೇ ಮನೆಯವರಾ?" ಎಂದು ಕೇಳಿದ.

ಹೌದು ಎಂದೆ. ಮತ್ತೇನು ಹೇಳಲಿ.

ಆ ದಿನದಿಂದ ಯಾರಿಗೂ ಅವರು ಕಂಡಿಲ್ಲ. ಬಾಗಿಲ ಹತ್ತಿರದ ಪುಟ್ಟಿ ತನ್ನ ಜಾಗಕ್ಕೆ ಮತ್ತೆ ಸರಿದು ಕೂತಿದ್ದಾಳೆ. ಮಿನ್ನೆಸೋಟದವರಿಗೆ ಬರುವುದಿಲ್ಲವೆಂದು ತಿಳಿಸಿದೆ. ನಾನೇನೂ ತ್ಯಾಗಮೂರ್ತಿಯಲ್ಲ, ಆ ಸಂಬಳ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಜನವರಿಯಲ್ಲಿ ಬೋರ್ಡಿನವರ ಎದುರು ಕೂರಬೇಕು. ಸಿಗುವ ಏರಿಕೆ ನೂರಕ್ಕೆ ಒಂದೂವರೆ. ಅದನ್ನು ಕೇಳಲು ಹೋಗುವಾಗ ಪಾಹೊವಾಳನ್ನೂ ಕರೆದುಕೊಂಡು ಹೋಗುತ್ತೇನೆ.

ಒಂದನ್ನು ಮಾತ್ರ ಯೋಚಿಸುತ್ತಲೇ ಇದ್ದೇನೆ. ಅವರು ನನ್ನನ್ನು ಕೇಳಲು ಹೆದರಿದರೇ? ಆರ್ಡಿಸ್? ನನ್ನ ಉತ್ತರ ಅವರಿಗೆ ಮೊದಲೇ ಗೊತ್ತಿತ್ತೇ?

ನಿನ್ನ ಮಗಳು,
ತೆಕ್ಲಾ

⁂

ರಾಪಿಡ್ ಬೆಂಡ್
೧೪ ಡಿಸೆಂಬರ್ ೨೦೧೪

ಮಗಳೇ,

ಕ್ರಿಸ್ಮಸ್ ಹಿಂದಿನ ದಿನ ಬಾ. ಕತ್ತಲಾಗಿ ಮೊದಲ ನಕ್ಷತ್ರ ಕಾಣುವ ಮುಂಚೆ ಮುಟ್ಟಬೇಕು, ನಿನ್ನಮ್ಮನ ಕಾಲದ ಪದ್ಧತಿಯಂತೆ. ಮೀನು ನಾನು ತರುತ್ತೇನೆ. ಅಣಬೆಯ ಸೂಪು ಮಾಡುವುದನ್ನು ಕಲಿತಿದ್ದೇನೆ, ಬಾಯಿಗಿಡಬಹುದು. ಪಿಯೆರೋಗಿ ಕಡುಬು ನೀನು ಮಾಡಬೇಕು.

ಊಟಕ್ಕೆ ಎಷ್ಟೇ ಜನವಿರಲಿ, ಅಮ್ಮ ಆ ಸಂಜೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದಳು, ಕರೆಯದೆ ಬರುವವರಿಗೆಂದು. ಅವಳು ಹೋದ ಮೇಲೆ ನಾನು ಇಟ್ಟಿರಲಿಲ್ಲ. ಒಬ್ಬನೇ ಉಣ್ಣುವವನು ಎರಡು ತಟ್ಟೆ ಇಟ್ಟುಕೊಂಡು ಕೂತರೆ ನೋಡಿದವರು ಏನಂದುಕೊಳ್ಳುತ್ತಾರೆ. ಈ ಸಲ ಮೂರು ಇಡುತ್ತೇನೆ.

ನೀನು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿಲ್ಲ. ಆದರೆ ಆಕೆ ಅಡುಗೆಮನೆಯಲ್ಲಿ ಕೂತಾಗ ಮುಖ ನೋಡಿದ್ದೇನೆ. ಎಲ್ಲರ ಮನೆಗೂ ಕಾಲು ಸವೆಸಿದವಳ ಮುಖ. ಬಹಳ ಚಳಿಯಾಗಿತ್ತು ಆಕೆಗೆ.

ಆ ತಟ್ಟೆಗೆ ಯಾರೂ ಬರದಿದ್ದರೆ ಒಳ್ಳೆಯದು, ಆಕೆಗೆ ಮಲಗಲು ಜಾಗ ಸಿಕ್ಕಿದೆ ಎಂದು ತಿಳಿಯೋಣ. ಬಂದರೆ, ತೆಕ್ಲಾ, ಏನೂ ಕೇಳಬೇಡ. ಬಡಿಸು. ಆಕೆ ಉಂಡು ಮುಗಿಸುವ ತನಕ ನಾವಿಬ್ಬರೂ ಮೇಜು ಬಿಟ್ಟು ಏಳಬಾರದು.

ಅಪ್ಪ